ನಡುವಿನ ಮೆಟ್ಟಿಲುಗಳು

ದೆಹಲಿಯ ನೈಋತ್ಯ ಅಂಚಿನಲ್ಲಿರುವ ದ್ವಾರಕಾ, ಮೊದಲು ನಕ್ಷೆಯಲ್ಲಿ ಹುಟ್ಟಿ ಆಮೇಲೆ ನೆಲಕ್ಕಿಳಿದ ಊರು. ಪಪ್ಪನ್‌ಕಲಾಂ ಎಂಬ ಹಳೆಯ ಹೆಸರಿನ ಆ ಜಾಗದಲ್ಲಿ 1980ರ ದಶಕದ ಕೊನೆಯಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಉಪನಗರವೊಂದನ್ನು ಯೋಜಿಸಿತು. ಸೆಕ್ಟರ್‌ಗಳನ್ನು ಗುರುತಿಸಿ, ಶಾಲೆಗೆ ಇಷ್ಟು, ಮಾರುಕಟ್ಟೆಗೆ ಇಷ್ಟು, ಉದ್ಯಾನಕ್ಕೆ ಇಷ್ಟು ಎಂದು ಜಾಗ ಬಿಟ್ಟರು. ಸಹಕಾರಿ ಗೃಹನಿರ್ಮಾಣ ಸಂಘಗಳ ಫ್ಲ್ಯಾಟುಗಳು ಎದ್ದವು. 2005ರ ಕೊನೆಯ ದಿನ ಮೆಟ್ರೊ ಬಂತು. ಕೋವಿಡ್‌ನ ಎರಡನೇ ಅಲೆ ದೆಹಲಿಯನ್ನು ಅಲ್ಲಾಡಿಸುತ್ತಿದ್ದ 2021ರ ಮೇ ತಿಂಗಳಲ್ಲಿ ಸೆಕ್ಟರ್ 9ರ ಇಂದಿರಾ ಗಾಂಧಿ ಆಸ್ಪತ್ರೆ ಬಾಗಿಲು ತೆರೆಯಿತು. ಅದು 1,241 ಹಾಸಿಗೆಗಳಿಗೆಂದು ಕಟ್ಟಿದ ದೊಡ್ಡ ಆಸ್ಪತ್ರೆ. ಈಚೆಗೆ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ, ಅಂದರೆ ಸಿಬಿಎಸ್‌ಇ ಕೂಡ ಸೆಕ್ಟರ್ 23ಕ್ಕೆ ತನ್ನ ಕಚೇರಿ ತಂದಿದೆ.

ಈ ಮಂಡಳಿ 1998ರಿಂದ ಪ್ರತಿ ವರ್ಷ ಪರೀಕ್ಷೆಯ ಹೊತ್ತಿನಲ್ಲಿ ಮಕ್ಕಳಿಗಾಗಿ ಒಂದು ದೂರವಾಣಿ ಸೇವೆ ನಡೆಸುತ್ತ ಬಂದಿದೆ. ನಿದ್ದೆ ಬಾರದ, ಓದಿದ್ದು ನೆನಪಿನಲ್ಲಿ ನಿಲ್ಲದ, ಮನೆಯಲ್ಲಿ ಹೇಳಿಕೊಳ್ಳಲಾಗದ ಮಗು ಫೋನ್ ಮಾಡಿದರೆ ಆ ಕಡೆ ಒಬ್ಬರು ಮಾತಾಡುತ್ತಾರೆ. ಮಕ್ಕಳ ಮನಸ್ಸಿನ ಆರೈಕೆಯನ್ನು ಮೆಟ್ಟಿಲುಗಳ ಸಾಲು ಎಂದುಕೊಂಡರೆ ಇದು ಕೆಳಗಿನ ಮೆಟ್ಟಿಲು.

ಮೇಲಿನ ಮೆಟ್ಟಿಲು ದೆಹಲಿಯ ಇನ್ನೊಂದು ತುದಿಯಲ್ಲಿದೆ. ದ್ವಾರಕಾದಿಂದ ನೀಲಿ ಮಾರ್ಗದಲ್ಲಿ ರಾಜೀವ್ ಚೌಕ್, ಅಲ್ಲಿಂದ ಹಳದಿ ಮಾರ್ಗದಲ್ಲಿ ಕಾಶ್ಮೀರಿ ಗೇಟ್, ಮತ್ತೆ ಗಾಡಿ ಬದಲಿಸಿ ಕೆಂಪು ಮಾರ್ಗದಲ್ಲಿ ದಿಲ್ಷಾದ್ ಗಾರ್ಡನ್. ಒಟ್ಟು ಸುಮಾರು ಒಂದೂವರೆ ಗಂಟೆಯ ದಾರಿ. ಅಲ್ಲಿರುವುದು ‘ಮಾನವ ನಡವಳಿಕೆ ಮತ್ತು ಸಂಬಂಧಿತ ವಿಜ್ಞಾನಗಳ ಸಂಸ್ಥೆ’. ದೆಹಲಿಯ ಜನರ ಬಾಯಲ್ಲಿ ಇಹಬಾಸ್. ಹೊರರೋಗಿ ವಿಭಾಗ, ವಾರ್ಡು, ತುರ್ತು ಚಿಕಿತ್ಸೆ ಎಲ್ಲ ಇರುವ ಸರ್ಕಾರಿ ಮನೋವೈದ್ಯಕೀಯ ಸಂಸ್ಥೆ ಅದು.

ಫೋನಿಗೂ ಹಾಸಿಗೆಗೂ ನಡುವೆ ಏನಿದೆ? ಭಾರತದಲ್ಲಿ ಮಕ್ಕಳ ಮನೋವೈದ್ಯಕೀಯದ ಚರಿತ್ರೆಯನ್ನು ಈ ಪ್ರಶ್ನೆ ಹಿಡಿದು ಓದಬಹುದು.

1937: ಎರಡು ತುದಿಗಳು

ಮಕ್ಕಳಿಗೆ ದೊಡ್ಡವರಿಗಿಂತ ಬೇರೆ ರೀತಿಯ ಮನೋಚಿಕಿತ್ಸೆ ಬೇಕು ಎಂಬ ಮಾತು ಹೊಸದು. ಅದು ಗಟ್ಟಿಯಾಗಿ ಕೇಳಿಬಂದದ್ದು ಆಸ್ಪತ್ರೆಯಿಂದಲ್ಲ, ಕೋರ್ಟಿನ ಪಕ್ಕದಿಂದ. 1909ರಲ್ಲಿ ಷಿಕಾಗೊದ ಬಾಲ ನ್ಯಾಯಾಲಯಕ್ಕೆ ಅಂಟಿಕೊಂಡಂತೆ ವಿಲಿಯಂ ಹೀಲಿ ಎಂಬ ವೈದ್ಯ ಒಂದು ಚಿಕಿತ್ಸಾಲಯ ಆರಂಭಿಸಿದ. ಕಳ್ಳತನಕ್ಕೋ ಮನೆ ಬಿಟ್ಟು ಓಡಿದ್ದಕ್ಕೋ ಸಿಕ್ಕಿಬಿದ್ದ ಹುಡುಗರನ್ನು ಶಿಕ್ಷಿಸುವ ಮೊದಲು, ಹಾಗೆ ಏಕೆ ಮಾಡಿದರು ಎಂದು ತಿಳಿಯುವುದು ಅದರ ಕೆಲಸ. ಅಲ್ಲಿಂದ ಬೆಳೆದದ್ದು ‘ಚೈಲ್ಡ್ ಗೈಡೆನ್ಸ್’ ಚಳವಳಿ. ಒಬ್ಬ ಮನೋವೈದ್ಯ, ಒಬ್ಬ ಮನಶ್ಶಾಸ್ತ್ರಜ್ಞ, ಮನೆಗೆ ಹೋಗಿ ಬರುವ ಒಬ್ಬ ಸಮಾಜ ಕಾರ್ಯಕರ್ತ, ಈ ಮೂವರೂ ಒಂದೇ ಮಗುವನ್ನು ಮೂರು ಕಡೆಯಿಂದ ನೋಡುವುದು ಅದರ ಪದ್ಧತಿ.

ಆ ಪದ್ಧತಿ ಭಾರತಕ್ಕೆ ಬಂದದ್ದು ಮುಂಬಯಿಗೆ. 1936ರಲ್ಲಿ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಅವರ ಮುಂದಾಳತ್ವದಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಶುರುವಾಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಮರುವರ್ಷ, 1937ರಲ್ಲಿ, ಆ ಶಾಲೆ ದೇಶದ ಮೊದಲ ಚೈಲ್ಡ್ ಗೈಡೆನ್ಸ್ ಕ್ಲಿನಿಕ್ ತೆರೆಯಿತು. ಅದನ್ನು ತೆರೆದದ್ದು ವೈದ್ಯಕೀಯ ಕಾಲೇಜಲ್ಲ, ಸಮಾಜಕಾರ್ಯ ಕಲಿಸುವ ಶಾಲೆ ಎಂಬುದನ್ನು ಗಮನಿಸಬೇಕು. ಮಗುವಿನ ತೊಂದರೆಯನ್ನು ಅದರ ಮನೆ, ಬೀದಿ, ತರಗತಿಗಳಿಂದ ಬಿಡಿಸಿ ನೋಡಲಾಗದು ಎಂಬ ತಿಳಿವಳಿಕೆ ಮೊದಲ ದಿನದಿಂದಲೇ ಇತ್ತು.

ಅದೇ 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಿಂದ ಇನ್ನೊಂದು ಸುದ್ದಿ ಬಂತು. ಮಿದುಳಿನ ಉರಿಯೂತದಿಂದ ನರಳಿದ ಮಗಳ ಹೆಸರಿನಲ್ಲಿ ತಂದೆತಾಯಿ ಬಿಟ್ಟುಹೋದ ಆಸ್ತಿಯಿಂದ ಅಲ್ಲಿ 1931ರಲ್ಲಿ ‘ಬ್ರ್ಯಾಡ್ಲಿ ಹೋಮ್’ ಎಂಬ ಮಕ್ಕಳ ಮನೋವೈದ್ಯಕೀಯ ಆಸ್ಪತ್ರೆ ಶುರುವಾಗಿತ್ತು. ಮಕ್ಕಳು ಅಲ್ಲೇ ಉಳಿದು ಚಿಕಿತ್ಸೆ ಪಡೆಯುತ್ತಿದ್ದರು. ಅಲ್ಲಿನ ವೈದ್ಯ ಚಾರ್ಲ್ಸ್ ಬ್ರ್ಯಾಡ್ಲಿ, ಬೆಂಜೆಡ್ರಿನ್ ಎಂಬ ಔಷಧಿ ಕೊಟ್ಟಾಗ ಕೆಲವು ಮಕ್ಕಳ ಓದಿನಲ್ಲಿ, ನಡವಳಿಕೆಯಲ್ಲಿ ಕಂಡ ಬದಲಾವಣೆಯನ್ನು 1937ರಲ್ಲಿ ಪ್ರಕಟಿಸಿದ. ಇಂದು ಎಡಿಎಚ್‌ಡಿಗೆ ಕೊಡುವ ಉತ್ತೇಜಕ ಔಷಧಿಗಳ ಕಥೆ ಅಲ್ಲಿಂದ ಆರಂಭವಾಗುತ್ತದೆ.

ಹೀಗೆ ಒಂದೇ ವರ್ಷದಲ್ಲಿ ಎರಡು ತುದಿಗಳು ಕಾಣುತ್ತವೆ. ಮುಂಬಯಿಯದು ಮಗು ಮನೆಯಿಂದ ಬಂದು ಮನೆಗೆ ಹೋಗುವ ಕ್ಲಿನಿಕ್. ರೋಡ್ ಐಲೆಂಡ್‌ನದು ಮಗು ತಿಂಗಳುಗಟ್ಟಲೆ ಉಳಿಯುವ ಆಸ್ಪತ್ರೆ. ಭಾರತದಲ್ಲಿ ಹಾಗೆ ಉಳಿಯುವ ಜಾಗ ಎಂದರೆ 1912ರ ಭಾರತೀಯ ಲೂನಸಿ ಕಾಯಿದೆಯಡಿ ನಡೆಯುತ್ತಿದ್ದ, ಎತ್ತರದ ಗೋಡೆಗಳ ಹುಚ್ಚಾಸ್ಪತ್ರೆ. ಮಗುವನ್ನು ಕಳಿಸಬಹುದಾದ ಜಾಗವಲ್ಲ ಅದು.

ಅಮೃತಸರದ ಡೇರೆಗಳು

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟಿತು. ಮಾನಸಿಕ ಆರೋಗ್ಯಕ್ಕೆ ತರಬೇತಿ ಪಡೆದವರೇ ಇಲ್ಲ ಎಂಬ ಕೊರತೆ ಅದರಲ್ಲಿ ಎದ್ದು ಕಾಣುತ್ತಿತ್ತು. ಅದರ ಶಿಫಾರಸಿನಂತೆ 1954ರಲ್ಲಿ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಮಗ್ಗುಲಲ್ಲೇ, ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಚಿಕಿತ್ಸೆ, ಕಲಿಕೆ, ಸಂಶೋಧನೆ ಒಂದೇ ಆವರಣದಲ್ಲಿ ನಡೆಯಬೇಕೆಂಬ ಮಾದರಿ ಅಲ್ಲಿ ಗಟ್ಟಿಯಾಯಿತು.

ಮಕ್ಕಳ ವಿಚಾರದಲ್ಲಿ ಇನ್ನೊಂದು ಮಾದರಿಯೂ ಮುಖ್ಯವಾಯಿತು. ಅದು ಬಂದದ್ದು ಪಂಜಾಬಿನಿಂದ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದ ಡಾ. ವಿದ್ಯಾಸಾಗರ್, ರೋಗಿಗಳ ಮನೆಯವರು ಆವರಣದಲ್ಲೇ ಉಳಿಯಲು ಡೇರೆಗಳನ್ನು ಹಾಕಿಸಿದರು. ಊಟ ಮಾಡಿಸುವುದು, ಮಾತಾಡಿಸುವುದು, ಔಷಧಿ ನೆನಪಿಸುವುದು ಇವೆಲ್ಲ ಮನೆಯವರ ಕೈಗೆ ಬಂದವು. ಕಾಯಿಲೆ ಎಂದರೇನು, ಮನೆಗೆ ಹೋದ ಮೇಲೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಅವರು ಅಲ್ಲೇ ಕಲಿತರು. ತಂದು ಬಿಟ್ಟು ಹೋಗುವ ಜಾಗವಾಗಿದ್ದ ಆಸ್ಪತ್ರೆಯಿಂದ ಜನ ವಾಪಸು ಮನೆಗೆ ಹೋಗತೊಡಗಿದರು.

ಸರಿಸುಮಾರು ಅದೇ ಕಾಲಕ್ಕೆ ಬ್ರಿಟನ್ನಿನಲ್ಲಿ ನಡೆಯುತ್ತಿದ್ದ ಜಗಳವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಮಗು ಆಸ್ಪತ್ರೆ ಸೇರಿದರೆ ತಾಯಿ ನೋಡಲು ಬರುವುದಕ್ಕೂ ಕಟ್ಟುನಿಟ್ಟಾದ ಸಮಯವಿತ್ತು. ತಾಯಿ ಬಂದು ಹೋದರೆ ಮಗು ಅಳುತ್ತದೆ, ಬರದಿದ್ದರೆ ‘ಹೊಂದಿಕೊಳ್ಳುತ್ತದೆ’ ಎಂಬ ನಂಬಿಕೆ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್, ಎರಡು ವರ್ಷದ ಹುಡುಗಿಯೊಬ್ಬಳು ಎಂಟು ದಿನ ಆಸ್ಪತ್ರೆಯಲ್ಲಿ ಒಂಟಿಯಾಗಿ ಕಳೆದದ್ದನ್ನು ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ. ಮಗು ಹೊಂದಿಕೊಂಡಿರಲಿಲ್ಲ, ಕುಗ್ಗಿಹೋಗಿತ್ತು. ವೈದ್ಯರು ಮೊದಲು ಸಿಟ್ಟಾದರು. ಕೊನೆಗೆ 1959ರ ಪ್ಲ್ಯಾಟ್ ವರದಿ, ತಾಯಂದಿರಿಗೆ ಬಾಗಿಲು ತೆರೆಯಬೇಕು, ಸಾಧ್ಯವಿದ್ದಲ್ಲಿ ಅವರು ಜೊತೆಯಲ್ಲೇ ಉಳಿಯಲಿ ಎಂದಿತು.

ಭಾರತದ ಆಸ್ಪತ್ರೆಗಳಿಗೆ ಆ ವಾದ ಬೇಕಾಗಲಿಲ್ಲ. ದಾದಿಯರ ಕೊರತೆಯಿಂದಲೋ ರೂಢಿಯಿಂದಲೋ ಇಲ್ಲಿ ರೋಗಿಯ ಹಾಸಿಗೆಯ ಪಕ್ಕದಲ್ಲಿ ಮನೆಯವರು ಚಾಪೆ ಹಾಸಿಕೊಂಡು ಇದ್ದೇ ಇರುತ್ತಾರೆ. ಅಮೃತಸರ, ವೆಲ್ಲೂರು, ಬೆಂಗಳೂರುಗಳು ಆ ಇರುವಿಕೆಯನ್ನೇ ಚಿಕಿತ್ಸೆಯ ಭಾಗವನ್ನಾಗಿ ಮಾಡಿಕೊಂಡವು. ನಿಮ್ಹಾನ್ಸ್‌ನ ಮಕ್ಕಳ ವಾರ್ಡಿನಲ್ಲಿ ಮಗುವಿನ ಜೊತೆ ತಾಯಿಯೋ ತಂದೆಯೋ ಉಳಿಯುತ್ತಾರೆ. ಮಗು ಸಿಟ್ಟಿಗೆದ್ದಾಗ ತಾವು ಏನು ಮಾಡುತ್ತೇವೆ, ಏನು ಮಾಡಬಹುದಿತ್ತು ಎಂಬುದನ್ನು ಅವರೂ ಅಲ್ಲಿ ಕಲಿಯುತ್ತಾರೆ.

ಹೊಸೂರು ರಸ್ತೆಯಿಂದ ಶಾಹದರಾಕ್ಕೆ

ದೆಹಲಿಗೆ ತನ್ನದೇ ಆದ ಮಾನಸಿಕ ಆಸ್ಪತ್ರೆ ಬಂದದ್ದು 1966ರಲ್ಲಿ, ಯಮುನೆಯ ಆಚೆ ಶಾಹದರಾದಲ್ಲಿ. ಹೊಸದಾಗಿ ಕಟ್ಟಿದರೂ ಅದು ನಡೆದದ್ದು ಹಳೆಯ ಬಂದೀಖಾನೆಯ ರೀತಿಯಲ್ಲೇ. 1983ರಲ್ಲಿ ಅಲ್ಲಿನ ದುಸ್ಥಿತಿಯ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು. ಬಿ.ಆರ್. ಕಪೂರ್ ಪ್ರಕರಣ ಎಂದು ಹೆಸರಾದ ಆ ವ್ಯಾಜ್ಯದಲ್ಲಿ ನ್ಯಾಯಾಲಯ ಮುಂದಿಟ್ಟ ಮಾದರಿ ಬೆಂಗಳೂರಿನ ನಿಮ್ಹಾನ್ಸ್. ಆಸ್ಪತ್ರೆಯನ್ನು ಅದರಂತೆ ಚಿಕಿತ್ಸೆ, ತರಬೇತಿ, ಸಂಶೋಧನೆ ಮೂರೂ ನಡೆಯುವ ಸಂಸ್ಥೆಯಾಗಿ ಬದಲಿಸಬೇಕೆಂಬುದು ಅದರ ಆಶಯ. ಹಾಗೆ 1993ರಲ್ಲಿ ಇಹಬಾಸ್ ಅಸ್ತಿತ್ವಕ್ಕೆ ಬಂತು. ದೆಹಲಿಯ ಮಗುವೊಂದು ಇಂದು ದಿಲ್ಷಾದ್ ಗಾರ್ಡನ್‌ನಲ್ಲಿ ಪಡೆಯುವ ಆರೈಕೆಯ ಹಿಂದೆ ಹೊಸೂರು ರಸ್ತೆಯ ಅನುಭವವೂ ಇದೆ.

ಆಸ್ಪತ್ರೆ ಎಷ್ಟೇ ಸುಧಾರಿಸಲಿ, ಅದು ಇರುವುದು ಒಂದೇ ಕಡೆ. ಈ ಕೊರತೆಗೂ ಒಂದು ಉತ್ತರ ಕರ್ನಾಟಕದಲ್ಲೇ ಹುಟ್ಟಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಣೆಯಾದಾಗ ಅದನ್ನು ಹಳ್ಳಿಗೆ ಒಯ್ಯುವುದು ಹೇಗೆಂದು ಯಾರಿಗೂ ಸ್ಪಷ್ಟವಿರಲಿಲ್ಲ. ನಿಮ್ಹಾನ್ಸ್ ತಂಡ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಸಾಮಾನ್ಯ ಮಾನಸಿಕ ಕಾಯಿಲೆಗಳನ್ನು ಅಲ್ಲೇ ಗುರುತಿಸಿ ಔಷಧಿ ಕೊಡುವಂತೆ ಮಾಡಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ಬುನಾದಿ. ದೆಹಲಿಯಲ್ಲಿ ಅದರ ಹೊಣೆ ಹೊತ್ತದ್ದು ಇಹಬಾಸ್. ಆವರಣದ ಆಚೆ ಅದು ನಡೆಸಿದ ಸಮುದಾಯ ಚಿಕಿತ್ಸಾಲಯಗಳಲ್ಲಿ ಜಹಾಂಗೀರ್‌ಪುರಿ, ಛತ್ತರ್‌ಪುರ, ತಿಮಾರ್‌ಪುರಗಳ ಜೊತೆ ದ್ವಾರಕಾದ ಹೆಸರೂ ಇದೆ.

ಆದರೆ ಬಳ್ಳಾರಿ ಮಾದರಿ ಮುಖ್ಯವಾಗಿ ದೊಡ್ಡವರ ಕಾಯಿಲೆಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು. ತೀವ್ರ ಮನೋರೋಗ, ಖಿನ್ನತೆ, ಮೂರ್ಛೆರೋಗ ಇವುಗಳಿಗೆ ಸರಿಯಾದ ಮಾತ್ರೆ ಹತ್ತಿರದಲ್ಲಿ ಸಿಕ್ಕರೆ ದೊಡ್ಡ ಉಪಕಾರ. ಮಾತು ತಡವಾದ ಮಗುವಿಗೆ, ಶಾಲೆಯ ಗೇಟು ಕಂಡರೆ ಹೊಟ್ಟೆನೋವು ಬರುವ ಹುಡುಗಿಗೆ, ಕೈ ಕೊಯ್ದುಕೊಳ್ಳುವ ಹದಿನಾರರ ಹುಡುಗನಿಗೆ ಮಾತ್ರೆಯಷ್ಟೇ ಸಾಲದು. ವಾರಕ್ಕೊಮ್ಮೆಯೋ ಎರಡು ಬಾರಿಯೋ ತಿಂಗಳುಗಟ್ಟಲೆ ಕೂತು ಕೆಲಸ ಮಾಡುವವರು ಬೇಕು.

ಇಂಥ ಮಕ್ಕಳು ಎಷ್ಟು? ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ನಗರ, ಕೊಳೆಗೇರಿ ಮತ್ತು ಗ್ರಾಮೀಣ ಭಾಗಗಳಲ್ಲಿ 16 ವರ್ಷದವರೆಗಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 12.5ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ಹರೆಯದವರಲ್ಲಿ ಈ ಪ್ರಮಾಣ ಶೇ 7.3 ಎಂದಿತು. ಅಳತೆಗೋಲು ಬೇರೆಯಾದ್ದರಿಂದ ಅಂಕಿಯೂ ಬೇರೆ. ಕಡಿಮೆ ಅಂಕಿಯನ್ನೇ ಹಿಡಿದರೂ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಇಬ್ಬರೋ ಮೂವರೋ ಇರುತ್ತಾರೆ. 2010ರ ದಶಕದ ಆರಂಭದಲ್ಲಿ ನಿಮ್ಹಾನ್ಸ್ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯವನ್ನು ಪ್ರತ್ಯೇಕ ವಿಭಾಗ ಮಾಡಿ, ಅದರಲ್ಲೇ ಡಿ.ಎಂ. ಪದವಿ ಕೊಡತೊಡಗಿತು. ಮುಂಬಯಿಯ ಆ ಮೊದಲ ಕ್ಲಿನಿಕ್‌ಗೆ ಆಗಲೇ ಎಪ್ಪತ್ತು ವರ್ಷ ದಾಟಿತ್ತು.

ಕಾನೂನು ಎಣಿಸಿದ ಮೆಟ್ಟಿಲುಗಳು

ಮೆಟ್ಟಿಲುಗಳನ್ನು ಮೊದಲು ಸ್ಪಷ್ಟವಾಗಿ ಎಣಿಸಿದ ದೇಶಗಳಲ್ಲಿ ಬ್ರಿಟನ್ ಒಂದು. ಅಲ್ಲಿ 1995ರ ವರದಿಯೊಂದು ಮಕ್ಕಳ ಮಾನಸಿಕ ಆರೋಗ್ಯ ಸೇವೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತು. ಮೊದಲ ಹಂತ ಶಿಕ್ಷಕರು, ಊರಿನ ವೈದ್ಯರು, ದಾದಿಯರು, ಅಂದರೆ ಮಗುವನ್ನು ದಿನವೂ ಕಾಣುವವರು. ಎರಡನೆಯದು ಒಬ್ಬೊಬ್ಬರೇ ಕೆಲಸ ಮಾಡುವ ತಜ್ಞರು. ಮೂರನೆಯದು ಜಟಿಲವಾದ ತೊಂದರೆಗಳಿಗೆ ಹಲವು ಪರಿಣತರ ತಂಡ. ನಾಲ್ಕನೆಯದು ಒಳರೋಗಿ ವಾರ್ಡು, ಹಗಲಾಸ್ಪತ್ರೆ ಮುಂತಾದ ತೀವ್ರ ಚಿಕಿತ್ಸೆ. ಹಗಲಾಸ್ಪತ್ರೆ ಎಂದರೆ ಮಗು ಬೆಳಿಗ್ಗೆ ಬಂದು, ಅಲ್ಲೇ ಚಿಕಿತ್ಸೆ, ಆಟ, ಒಂದಿಷ್ಟು ಪಾಠ ಮುಗಿಸಿ, ಸಂಜೆ ಮನೆಗೆ ಹೋಗುವ ಏರ್ಪಾಡು. ವಾರಕ್ಕೆ ಒಂದು ಭೇಟಿ ಸಾಲದ, ಆದರೆ ಮನೆ ಬಿಟ್ಟು ವಾರ್ಡು ಸೇರುವಷ್ಟೂ ಹದಗೆಡದ ಮಗುವಿಗೆ ಅದು ಹೇಳಿಮಾಡಿಸಿದ್ದು. ವಾರ್ಡಿನಿಂದ ಬಿಡುಗಡೆಯಾದ ಮಗು ನೇರ ತರಗತಿಗೆ ಹೋಗಿ ಬೀಳುವ ಬದಲು ನಿಧಾನ ಇಳಿದು ಬರಲೂ ಅದೇ ದಾರಿ.

ಭಾರತದ ಕಾನೂನಿಗೆ ಮಕ್ಕಳು ಕಾಣಿಸಲು ಸಮಯ ಹಿಡಿಯಿತು. 1987ರ ಮಾನಸಿಕ ಆರೋಗ್ಯ ಕಾಯಿದೆ 16 ವರ್ಷದೊಳಗಿನವರಿಗೆ ಪ್ರತ್ಯೇಕ ಮನೋವೈದ್ಯಕೀಯ ಆಸ್ಪತ್ರೆಗಳನ್ನು ಸ್ಥಾಪಿಸಬಹುದು ಎಂದಿತು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಇನ್ನೂ ಮುಂದೆ ಹೋಯಿತು. ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಹಕ್ಕು ಎಂದು ಹೇಳುವ ಅದರ 18ನೇ ಸೆಕ್ಷನ್ನು, ಸರ್ಕಾರ ಒದಗಿಸಬೇಕಾದ ಸೇವೆಗಳನ್ನು ಪಟ್ಟಿ ಮಾಡುತ್ತದೆ: ಹೊರರೋಗಿ ಮತ್ತು ಒಳರೋಗಿ ಸೇವೆ, ಅರ್ಧದಾರಿ ಮನೆಗಳು, ಮನೆಯಲ್ಲಿ ಮತ್ತು ಸಮುದಾಯದಲ್ಲಿ ಪುನಶ್ಚೇತನ. ಮಕ್ಕಳ ಮಾನಸಿಕ ಆರೋಗ್ಯ ಸೇವೆ ಅದರಲ್ಲಿ ಹೆಸರಿಟ್ಟು ಸೇರಿದೆ.

87ನೇ ಸೆಕ್ಷನ್ನು 18 ವರ್ಷ ತುಂಬದವರನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುವ ಬಗ್ಗೆ. ಇಬ್ಬರು ಪರಿಣತರು, ಅವರಲ್ಲಿ ಒಬ್ಬರಾದರೂ ಮನೋವೈದ್ಯರು, ಮಗುವನ್ನು ಬೇರೆಬೇರೆಯಾಗಿ ಪರೀಕ್ಷಿಸಿ ಒಂದೇ ತೀರ್ಮಾನಕ್ಕೆ ಬರಬೇಕು. ಮಗುವಿನ ಇಚ್ಛೆ ಏನೆಂಬುದನ್ನು ಗಣನೆಗೆ ತೆಗೆದುಕೊಳ್ಳಬೇಕು. ದೊಡ್ಡವರ ಜೊತೆ ಇರಿಸುವಂತಿಲ್ಲ. ಸೇರಿಸಿಕೊಂಡ 72 ಗಂಟೆಗಳಲ್ಲಿ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. 30 ದಿನ ದಾಟಿದರೆ ಮಂಡಳಿ ಪರಿಶೀಲಿಸಬೇಕು. ಮತ್ತು ಮಗುವಿನ ಪ್ರತಿನಿಧಿ ಅಥವಾ ಅವರು ನೇಮಿಸಿದವರು, ಮಗು ಆಸ್ಪತ್ರೆಯಲ್ಲಿರುವಷ್ಟು ದಿನವೂ ಜೊತೆಯಲ್ಲೇ ಇರಬೇಕು. ಅಮೃತಸರದ ಡೇರೆಯಲ್ಲಿ ರೂಢಿಯಾಗಿ ಶುರುವಾದದ್ದು ಅರವತ್ತು ವರ್ಷಗಳ ನಂತರ ಕಾನೂನಾಯಿತು.

ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಷರತ್ತಿದೆ. ಆಸ್ಪತ್ರೆಗೆ ಸೇರಿಸುವ ಮೊದಲು, ಸಮುದಾಯದಲ್ಲಿ ಲಭ್ಯವಿರುವ ಬೇರೆ ದಾರಿಗಳೆಲ್ಲ ವಿಫಲವಾಗಿರಬೇಕು, ಇಲ್ಲವೇ ಆ ಮಗುವಿಗೆ ಹೊಂದುವಂಥವಲ್ಲ ಎಂದು ಕಂಡುಬಂದಿರಬೇಕು. ವಾರ್ಡು ಕೊನೆಯ ಮೆಟ್ಟಿಲಾಗಿರಲಿ ಎಂಬ ಒಳ್ಳೆಯ ಉದ್ದೇಶ ಇದರ ಹಿಂದಿದೆ. ಆದರೆ ಈ ಮಾತು ಅರ್ಥಪೂರ್ಣವಾಗಬೇಕಾದರೆ ನಡುವಿನ ಮೆಟ್ಟಿಲುಗಳು ಇರಬೇಕು. ಹಗಲಾಸ್ಪತ್ರೆ ಎಲ್ಲಿದೆ? ಮನೆಗೆ ಬಂದು ನೋಡುವ ತಂಡ ಎಲ್ಲಿದೆ? ಕೆಲವು ದೊಡ್ಡ ಸಂಸ್ಥೆಗಳು, ನಗರಗಳ ಕೆಲವು ಸ್ವಯಂಸೇವಾ ಕೇಂದ್ರಗಳು, ದುಡ್ಡಿದ್ದವರಿಗೆ ಖಾಸಗಿ ಚಿಕಿತ್ಸಕರು. ಅದರಾಚೆ, ಕಾನೂನು ‘ಬೇರೆ ದಾರಿ’ ಎಂದು ಕರೆದದ್ದು ಬಹುತೇಕ ಮನೆಯೇ.

ಮನೆ ಎಂಬ ಮೆಟ್ಟಿಲು

ಮನೆ ಎಂದರೆ ಸಾಮಾನ್ಯವಾಗಿ ತಾಯಿ. ವಾರ್ಡಿನಲ್ಲಿ ಮಗುವಿನ ಜೊತೆ ಉಳಿಯಬೇಕಾದವರು ಯಾರು ಎಂಬ ಪ್ರಶ್ನೆ ಬಂದಾಗ ಎಷ್ಟೋ ಮನೆಗಳಲ್ಲಿ ಚರ್ಚೆಯೇ ಆಗುವುದಿಲ್ಲ. ಅವಳು ಕೆಲಸಕ್ಕೆ ರಜೆ ಹಾಕುತ್ತಾಳೆ, ಆಮೇಲೆ ಸಂಬಳವಿಲ್ಲದ ರಜೆ, ಆಮೇಲೆ ಕೆಲಸವೇ ಇಲ್ಲ. ದಿನಗೂಲಿಯವಳಾದರೆ ಮೊದಲ ದಿನವೇ ಕೂಲಿ ಹೋಯಿತು. ಮನೆಯಲ್ಲಿ ಇನ್ನೊಂದು ಚಿಕ್ಕ ಮಗುವಿದ್ದರೆ ಅದನ್ನು ಅಜ್ಜಿಯ ಊರಿಗೆ ಕಳಿಸಬೇಕು. ಊರಿನಿಂದ ದೂರ ಬಂದು ದ್ವಾರಕಾದಂಥ ಕಡೆ ನೆಲೆಸಿದ ಮನೆಗಳಲ್ಲಿ ಅಜ್ಜಿ, ಅತ್ತೆ, ಚಿಕ್ಕಮ್ಮ ಯಾರೂ ಹತ್ತಿರವಿರುವುದಿಲ್ಲ. ಅಮೃತಸರದ ಡೇರೆಗಳ ಹಿಂದೆ ಇದ್ದದ್ದು ತುಂಬು ಕುಟುಂಬ. ಒಬ್ಬರು ದಣಿದರೆ ಇನ್ನೊಬ್ಬರು ಬರುತ್ತಿದ್ದರು. ಫ್ಲ್ಯಾಟಿನಲ್ಲಿರುವವರು ಇಬ್ಬರೇ.

ಮಗು ವಾರ್ಡಿನಿಂದ ಹೊರಬಂದ ಮೇಲೂ ಇದೇ ಕಥೆ. ಮುಂದಿನ ಭೇಟಿಯವರೆಗೆ ಮಾತ್ರೆ ಕೊಡುವುದು, ರಾತ್ರಿ ಎಚ್ಚರವಿರುವುದು, ಬಾಲ್ಕನಿಯ ಬಾಗಿಲಿಗೆ ಬೀಗ ಹಾಕುವುದು, ಶಾಲೆಗೆ ಹೋಗಿ ಏನು ಹೇಳಬೇಕು ಏನು ಹೇಳಬಾರದು ಎಂದು ತೂಗುವುದು, ಇವೆಲ್ಲ ಚಿಕಿತ್ಸೆಯ ಕೆಲಸಗಳೇ. ಯಾವ ಆಸ್ಪತ್ರೆಯ ಲೆಕ್ಕದಲ್ಲೂ ಇವು ಬರುವುದಿಲ್ಲ.

ಕೆಳಗಿನ ಮೆಟ್ಟಿಲು ಮಾತ್ರ ಈಚಿನ ವರ್ಷಗಳಲ್ಲಿ ಅಗಲವಾಗಿದೆ. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಹದಿಹರೆಯದವರ ಮಾನಸಿಕ ಆರೋಗ್ಯವನ್ನು ತನ್ನ ಉದ್ದೇಶಗಳಲ್ಲಿ ಸೇರಿಸಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲೂ ರಾತ್ರಿ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಉಚಿತವಾಗಿ ಮಾತಾಡುವವರಿದ್ದಾರೆ. ಅದರ ಮಾರ್ಗದರ್ಶನವೂ ನಿಮ್ಹಾನ್ಸ್‌ನದೇ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕ ಕೊಟ್ಟಿತು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಇಟ್ಟುಕೊಳ್ಳಬೇಕೆಂದು ನಿರ್ದೇಶಿಸಿತು.

ಇವೆಲ್ಲ ಬೇಕಾದವೇ. ಶಾಲೆಯಲ್ಲಿ ಒಬ್ಬ ಆಪ್ತಸಮಾಲೋಚಕಿ ಇದ್ದರೆ ಎಷ್ಟೋ ಮಕ್ಕಳ ತೊಂದರೆ ಅಲ್ಲೇ ಹಗುರಾಗುತ್ತದೆ. ಆದರೆ ಅವಳ ಕೆಲಸದ ಅರ್ಧ ಭಾಗ, ಯಾವ ಮಗುವಿನ ಸಂಕಟ ತನ್ನ ಕೈಮೀರಿದ್ದು ಎಂದು ಗುರುತಿಸಿ ಮುಂದಕ್ಕೆ ಕಳಿಸುವುದು. ಎಲ್ಲಿಗೆ ಕಳಿಸಬೇಕು ಎಂಬಲ್ಲಿ ಅವಳು ಮತ್ತೆ ಅದೇ ದೆಹಲಿಯ ನಕ್ಷೆಯ ಮುಂದೆ ನಿಲ್ಲುತ್ತಾಳೆ. ಗುರುತಿಸುವವರು ಹೆಚ್ಚಾದಷ್ಟೂ ಮೇಲಿನ ವಾರ್ಡಿನ ಮುಂದೆ ಸಾಲು ಉದ್ದವಾಗುತ್ತದೆ. ಅಲ್ಲಿ ನಿಂತವರಲ್ಲಿ ಎಷ್ಟೋ ಮಕ್ಕಳಿಗೆ ಬೇಕಾದದ್ದು ವಾರ್ಡಲ್ಲ, ನಡುವಿನ ಮೆಟ್ಟಿಲು.

ಆ ಮೆಟ್ಟಿಲು ಕಟ್ಟುವುದು ಹೇಗೆಂದು ತಿಳಿಯದೆ ಉಳಿದದ್ದೇನೂ ಅಲ್ಲ. ಮೂವರು ಪರಿಣತರ ಒಂದು ತಂಡ, ಅವರಿಗೆ ಒಂದು ಕೋಣೆ, ಮಗುವಿನ ಮನೆಗೆ ಹೋಗಿ ಬರುವ ಒಬ್ಬ ಕಾರ್ಯಕರ್ತೆ: ಮುಂಬಯಿಯಲ್ಲಿ 1937ರಲ್ಲೇ ಇದು ನಡೆದಿತ್ತು. ಜಿಲ್ಲೆಯ ಮಟ್ಟದಲ್ಲಿ ತರಬೇತಿ ಕೊಟ್ಟು ಸೇವೆ ಹರಡಬಹುದೆಂದು ಬಳ್ಳಾರಿ ತೋರಿಸಿತ್ತು. ದ್ವಾರಕಾವನ್ನು ಯೋಜಿಸಿದವರು ಸೆಕ್ಟರ್‌ಗೆ ಇಷ್ಟು ಶಾಲೆ ಎಂದು ಎಣಿಸಿ ಜಾಗ ಬಿಟ್ಟಿದ್ದರು. ಇಷ್ಟು ಶಾಲೆಗಳಿಗೆ ಒಂದು ಮಕ್ಕಳ ಹಗಲು ಚಿಕಿತ್ಸಾಲಯ ಎಂಬ ಲೆಕ್ಕ ಇನ್ನೂ ಯಾವ ಊರಿನ ನಕ್ಷೆಗೂ ಬಂದಿಲ್ಲ. ಬರುವವರೆಗೆ ಕಾಶ್ಮೀರಿ ಗೇಟಿನಲ್ಲಿ ಗಾಡಿ ಬದಲಿಸುವ ಜನರ ನಡುವೆ, ಶಾಲೆಯ ಸಮವಸ್ತ್ರದ ಮಗುವಿನ ಕೈ ಹಿಡಿದ ತಾಯಂದಿರೂ ಇರುತ್ತಾರೆ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಆಸ್ಪತ್ರೆಯ ಫೈಲು.